ರಕ್ಷಣಾ ಇಲಾಖೆಯೊಡನೆ ವ್ಯವಹಾರ: ಉದ್ದಿಮೆ ಸಂಘಗಳು ಸರ್ಕಾರದೊಡನೆ ಮಾತನಾಡುವ ಬಗೆ

ಚಳ್ಳಕೆರೆಯನ್ನು ನಾಡಿನ ವರ್ತಕರು ಎಣ್ಣೆಯ ಊರೆಂದು ಬಲ್ಲರು. ಶೇಂಗಾ, ಎಣ್ಣೆ ಗಿರಣಿ ಮತ್ತು ಕಂಬಳಿ ವ್ಯಾಪಾರಗಳು ಈ ಪಟ್ಟಣವನ್ನು ಬೆಳೆಸಿವೆ. ನೆರೆಯ ಮೊಳಕಾಲ್ಮೂರು ತನ್ನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಊರು. ಈ ಹಳೆಯ ಪರಿಚಯಕ್ಕೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಸೇರಿಕೊಂಡಿದೆ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿ.ಆರ್.ಡಿ.ಒ.) ವೈಮಾನಿಕ ಪರೀಕ್ಷಾ ಕ್ಷೇತ್ರವು ಚಳ್ಳಕೆರೆ ತಾಲ್ಲೂಕಿನಲ್ಲಿ 2017ರ ಮೇ 28ರಂದು ಉದ್ಘಾಟನೆಗೊಂಡಿತು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ, ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಇಲ್ಲಿಂದ ತನ್ನ ಮೊದಲ ಹಾರಾಟ ನಡೆಸಿತ್ತು. ಇಸ್ರೋ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್ 2ರಂದು ಮತ್ತು 2024ರಲ್ಲಿ ಎರಡು ಬಾರಿ ಇದೇ ಓಡುದಾರಿಯ ಮೇಲೆ ತಾನಾಗಿಯೇ ಇಳಿಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಭಾಭಾ ಅಣುಸಂಶೋಧನಾ ಕೇಂದ್ರಕ್ಕೂ ಇದೇ ಸೀಮೆಯಲ್ಲಿ ಜಮೀನು ದೊರೆತಿದೆ.

ಇಷ್ಟು ದೊಡ್ಡ ಸಂಸ್ಥೆಗಳು ಬಾಗಿಲಿಗೆ ಬಂದು ನಿಂತಿರುವಾಗ ಪೇಟೆಯ ವರ್ತಕನಿಗೂ ಸಣ್ಣ ಕಾರ್ಯಾಗಾರದ ಒಡೆಯನಿಗೂ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ: ಈ ವ್ಯವಹಾರದಲ್ಲಿ ತಮ್ಮ ಪಾಲೆಷ್ಟು? ಬೇಲಿಯೊಳಗೆ ನಡೆಯುವ ಖರೀದಿಯ ಸುದ್ದಿ ಬೇಲಿಯ ಹೊರಗಿನವರಿಗೆ ತಾನಾಗಿ ತಿಳಿಯುವುದಿಲ್ಲ. ಒಬ್ಬೊಬ್ಬರೇ ಹೋಗಿ ವಿಚಾರಿಸಿದರೆ ಕಾವಲುಗಾರನ ಚೌಕಿಯಿಂದಾಚೆ ಮಾತು ಮುಂದುವರಿಯುವುದೂ ಕಷ್ಟ. ದೇಶದ ತಂತ್ರಜ್ಞಾನ ಉದ್ದಿಮೆಗಳ ಸಂಘಗಳು ರಕ್ಷಣೆ ಮತ್ತು ಭದ್ರತೆಯ ವಿಷಯದಲ್ಲಿ ಸರ್ಕಾರದೊಡನೆ ಹೇಗೆ ಮಾತುಕತೆ ನಡೆಸುತ್ತವೆ, ಅದರಿಂದ ಈ ಎರಡು ತಾಲ್ಲೂಕುಗಳು ಕಲಿಯಬಹುದಾದದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾವಲು ಭೂಮಿ ಕಲಿಸಿದ ಪಾಠ

ಈ ನೆಲಕ್ಕೆ ಸೈನ್ಯದ ನಂಟು ಹೊಸದೇನಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಆರಂಭವಾದ ಅರಮನೆಯ ದನಗಳ ಇಲಾಖೆ ಟಿಪ್ಪು ಸುಲ್ತಾನನ ಕಾಲಕ್ಕೆ ಅಮೃತಮಹಲ್ ಎಂದು ಹೆಸರಾಯಿತು. ಈ ತಳಿಯ ಎತ್ತುಗಳು ಯುದ್ಧಕಾಲದಲ್ಲಿ ತೋಪುಗಳನ್ನೂ ಸರಂಜಾಮುಗಳನ್ನೂ ಎಳೆಯುತ್ತಿದ್ದವು. ಅವುಗಳ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು.

2009ರ ಆಸುಪಾಸಿನ ವರ್ಷಗಳಲ್ಲಿ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ಭೂಮಿಯನ್ನು ವಿವಿಧ ಸಂಸ್ಥೆಗಳಿಗೆ ನೀಡಲಾಯಿತು. ಡಿ.ಆರ್.ಡಿ.ಒ.ಗೆ 4,000 ಎಕರೆಗಳಿಗೂ ಹೆಚ್ಚು, ಭಾಭಾ ಕೇಂದ್ರಕ್ಕೆ ಸುಮಾರು 1,800 ಎಕರೆ, ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 500 ಎಕರೆಗಳಿಗೂ ಹೆಚ್ಚು ಭೂಮಿ ದೊರೆಯಿತು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು ಮತ್ತು ರೈತರು ತಲೆಮಾರುಗಳಿಂದ ದನಕುರಿಗಳನ್ನು ಮೇಯಿಸುತ್ತಿದ್ದ ನೆಲವಿದು. ಅವರಲ್ಲಿ ಅನೇಕರಿಗೆ ವಿಷಯ ಮನವರಿಕೆಯಾದದ್ದು ಬೇಲಿ ಮತ್ತು ಗೋಡೆಗಳು ಏಳತೊಡಗಿದ ಮೇಲೆ. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಯಿತು. ಪೀಠವು 2013ರಲ್ಲಿ ಇಬ್ಬರು ಸದಸ್ಯರ ಸತ್ಯಶೋಧನಾ ಸಮಿತಿಯನ್ನು ನೇಮಿಸಿ, 2014ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಯೋಜನೆಗಳು ರದ್ದಾಗಲಿಲ್ಲ, ಪರಿಸರ ಕಾನೂನುಗಳ ಅನುಮತಿಗೆ ಒಳಪಟ್ಟು ಮುಂದುವರಿದವು.

ಈ ಪ್ರಕರಣ ವ್ಯಾಪಾರಸ್ಥರಿಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಲಾಗದು. ಹುಲ್ಲುಗಾವಲಿಲ್ಲದೆ ಕುರಿಯಿಲ್ಲ, ಕುರಿಯಿಲ್ಲದೆ ಉಣ್ಣೆಯಿಲ್ಲ, ಉಣ್ಣೆಯಿಲ್ಲದೆ ಚಳ್ಳಕೆರೆಯ ಕಂಬಳಿ ಸಂತೆಯಿಲ್ಲ. ಕಾವಲಿನ ಪ್ರಶ್ನೆ ಮಗ್ಗದ ಪ್ರಶ್ನೆಯೂ ಹೌದು. ನಿರ್ಧಾರ ಕೈಗೊಳ್ಳುವ ಮುನ್ನ ನಡೆಯಬೇಕಾಗಿದ್ದ ಮಾತುಕತೆ ನಿರ್ಧಾರದ ನಂತರ ನ್ಯಾಯಾಲಯದ ಮೆಟ್ಟಿಲೇರಿತು. ಸರ್ಕಾರದೊಡನೆ ಮಾತನಾಡಲು ಸಕಾಲವೆಂಬುದೊಂದಿದೆ. ಅದು ಕಳೆದ ಮೇಲೆ ಉಳಿಯುವ ದಾರಿಗಳು ದುಬಾರಿಯೂ ದೀರ್ಘವೂ ಆಗಿರುತ್ತವೆ. ಇದು ಮೊದಲ ಪಾಠ.

ಯಾರು ಮಾತನಾಡುತ್ತಾರೆ?

ಕರ್ನಾಟಕದಲ್ಲಿ ಸಂಘಟಿತ ದನಿಯ ಪರಂಪರೆ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಸ್ಥಾಪನೆಯಾದ ಮೈಸೂರು ವಾಣಿಜ್ಯ ಮಂಡಳಿಯೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ. ಸಣ್ಣ ಕೈಗಾರಿಕೆಗಳ ಪರವಾಗಿ ಕಾಸಿಯಾ 1949ರಿಂದ ಕೆಲಸ ಮಾಡುತ್ತಿದೆ. ತಂತ್ರಾಂಶ ಉದ್ದಿಮೆಗಳಿಗೆ 1988ರಲ್ಲಿ ನಾಸ್ಕಾಂ ಹುಟ್ಟಿತು. ಮಾಹಿತಿ ಭದ್ರತೆಗೆಂದೇ ಅದು 2008ರಲ್ಲಿ ಭಾರತೀಯ ದತ್ತಾಂಶ ಭದ್ರತಾ ಮಂಡಳಿಯನ್ನು ಕಟ್ಟಿತು. ರಕ್ಷಣಾ ಸಾಮಗ್ರಿ ತಯಾರಕರಿಗೆ 2017ರಲ್ಲಿ ಭಾರತೀಯ ರಕ್ಷಣಾ ತಯಾರಕರ ಸಂಘವೂ (ಎಸ್.ಐ.ಡಿ.ಎಂ.) ಸ್ಥಾಪನೆಯಾಯಿತು.

ಈ ಸಂಘಗಳ ಕೆಲಸ ಬೇಡಿಕೆ ಸಲ್ಲಿಸುವುದಷ್ಟಕ್ಕೇ ನಿಂತಿಲ್ಲ. ಬೆಂಗಳೂರಿನ ಸಿ.ಐ.ಡಿ. ಕಚೇರಿಯಲ್ಲಿರುವ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರವು ರಾಜ್ಯ ಪೊಲೀಸ್, ಇನ್ಫೋಸಿಸ್ ಪ್ರತಿಷ್ಠಾನ ಮತ್ತು ದತ್ತಾಂಶ ಭದ್ರತಾ ಮಂಡಳಿಗಳ ಸಹಯೋಗದ ಫಲ. ಸರ್ಕಾರಕ್ಕೆ ಇಲ್ಲದ ಪರಿಣತಿಯನ್ನು ಒದಗಿಸುವ ಸಂಘದ ಮಾತಿಗೆ ಸಮಿತಿಯ ಮೇಜಿನ ಮೇಲೂ ತೂಕವಿರುತ್ತದೆ. ಕೇಳುವುದರ ಜೊತೆಗೆ ಕೊಡುವುದನ್ನೂ ತಿಳಿದಿರಬೇಕೆಂಬುದು ಎರಡನೆಯ ಪಾಠ.

ಮಾತು ಫಲಿಸಿದ ಎರಡು ನಿದರ್ಶನಗಳು

ಮೊದಲನೆಯದು ಡ್ರೋನ್ ನಿಯಮಗಳದು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಚಾಲಕರಹಿತ ವಿಮಾನಗಳ ನಿಯಮಗಳನ್ನು ಪ್ರಕಟಿಸಿತು. ಪ್ರತಿ ಹೆಜ್ಜೆಗೂ ಅನುಮತಿ, ಪ್ರತಿ ಅನುಮತಿಗೂ ನಮೂನೆ ಎಂಬಂತಿದ್ದ ಈ ನಿಯಮಗಳಿಗೆ ತಯಾರಕರಿಂದ, ನವೋದ್ಯಮಗಳಿಂದ ಮತ್ತು ವಿದ್ಯಾಸಂಸ್ಥೆಗಳಿಂದ ಆಕ್ಷೇಪಣೆಗಳು ಬಂದವು. ಸರ್ಕಾರ ಆ ಅಭಿಪ್ರಾಯಗಳನ್ನು ಪರಿಗಣಿಸಿ ಜುಲೈನಲ್ಲಿ ಹೊಸ ಕರಡನ್ನು ಸಾರ್ವಜನಿಕರ ಮುಂದಿಟ್ಟು, ಆಗಸ್ಟ್ 25ರಂದು ಡ್ರೋನ್ ನಿಯಮಗಳು, 2021 ಎಂಬ ಹೆಸರಿನಲ್ಲಿ ಜಾರಿಗೆ ತಂದಿತು. ನಮೂನೆಗಳ ಸಂಖ್ಯೆ 25ರಿಂದ 5ಕ್ಕೂ, ಶುಲ್ಕದ ಬಗೆಗಳು 72ರಿಂದ 4ಕ್ಕೂ ಇಳಿದವು. ಐದೇ ತಿಂಗಳಲ್ಲಿ ಇಷ್ಟು ಬದಲಾವಣೆಯಾದದ್ದಕ್ಕೆ ಆಕ್ಷೇಪಣೆಗಳ ಸ್ವರೂಪವೂ ಕಾರಣ. ಯಾವ ನಮೂನೆ ಅನಗತ್ಯ, ಯಾವ ಅನುಮತಿಯಿಂದ ಕೆಲಸ ನಿಲ್ಲುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ತೋರಿಸಲು ಅವಕಾಶವಿದ್ದ ವಿಷಯವದು.

ಎರಡನೆಯದು ಸೈಬರ್ ಭದ್ರತೆಗೆ ಸಂಬಂಧಿಸಿದ್ದು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆಯು ನಿರ್ದೇಶನವೊಂದನ್ನು ಹೊರಡಿಸಿತು. ಗಣಕ ವ್ಯವಸ್ಥೆಯ ಮೇಲೆ ದಾಳಿಯಾದರೆ 6 ಗಂಟೆಗಳೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಪಾಡಬೇಕು ಎಂಬುವು ಅದರಲ್ಲಿದ್ದ ಮುಖ್ಯ ವಿಧಿಗಳು. ದೇಶವಿದೇಶಗಳ ತಂತ್ರಜ್ಞಾನ ಸಂಘಗಳು ಕಾಲಾವಕಾಶವನ್ನೂ ತಿದ್ದುಪಡಿಗಳನ್ನೂ ಕೋರಿದವು. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಸರ್ಕಾರ 2022ರ ಸೆಪ್ಟೆಂಬರ್ 25ರವರೆಗೆ ಗಡುವು ವಿಸ್ತರಿಸಿತು. ಆದರೆ 6 ಗಂಟೆಗಳ ನಿಯಮವನ್ನು ಕೈಬಿಡಲಿಲ್ಲ.

ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮೂರನೆಯ ಪಾಠ ದೊರೆಯುತ್ತದೆ. ಭದ್ರತೆಯ ಮೂಲ ಉದ್ದೇಶವನ್ನು ಪ್ರಶ್ನಿಸುವ ಬೇಡಿಕೆಗೆ ಸರ್ಕಾರ ಸುಲಭವಾಗಿ ಮಣಿಯುವುದಿಲ್ಲ. ಅದೇ ಉದ್ದೇಶವನ್ನು ಕಡಿಮೆ ತೊಡಕಿನಿಂದ ಸಾಧಿಸುವ ದಾರಿ ತೋರಿಸಿದಾಗ, ಅಥವಾ ಸಣ್ಣವರಿಗೆ ಸಿದ್ಧತೆಯ ಕಾಲ ಕೇಳಿದಾಗ, ಮಾತು ಫಲಿಸುವ ಸಂಭವ ಹೆಚ್ಚು.

ಕಾನೂನು ಈಗಾಗಲೇ ಕೊಟ್ಟಿರುವುದು

ಹೊಸ ಬೇಡಿಕೆ ಮಂಡಿಸುವ ಮುನ್ನ ಇರುವ ಹಕ್ಕುಗಳನ್ನು ತಿಳಿದಿರುವುದು ಅವಶ್ಯ.

1. ಮೀಸಲು ಖರೀದಿ. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಒಂದು ಪಾಲನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಮಾಡಬೇಕು. ಮೊದಲು ಶೇ. 20ರಷ್ಟಿದ್ದ ಈ ಪಾಲು 2018ರ ತಿದ್ದುಪಡಿಯಿಂದ ಶೇ. 25ಕ್ಕೇರಿತು. ಇದರೊಳಗೆ ಶೇ. 4 ಪರಿಶಿಷ್ಟ ಜಾತಿ, ಪಂಗಡಗಳ ಉದ್ದಿಮೆದಾರರಿಗೂ ಶೇ. 3 ಮಹಿಳಾ ಉದ್ದಿಮೆದಾರರಿಗೂ ಮೀಸಲು. ಟೆಂಡರ್ ಪತ್ರ ಉಚಿತ. ಮುಂಗಡ ಠೇವಣಿಯಿಂದ ವಿನಾಯಿತಿಯಿದೆ. ಕನಿಷ್ಠ ದರ ದೊಡ್ಡ ಘಟಕದ್ದಾಗಿದ್ದು, ಸಣ್ಣ ಘಟಕದ ದರ ಅದಕ್ಕಿಂತ ಶೇ. 15ರೊಳಗೆ ಹೆಚ್ಚಿದ್ದರೆ, ಕನಿಷ್ಠ ದರಕ್ಕೆ ಇಳಿದು ಸರಬರಾಜಿನ ಪಾಲು ಪಡೆಯಲು ಅವಕಾಶವಿದೆ.

2. ಹಣ ಪಾವತಿ. 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆಯಂತೆ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ದೂರನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು.

3. ಉದ್ಯಮ್ ನೋಂದಣಿ. 2020ರ ಜುಲೈನಿಂದ ಜಾರಿಯಲ್ಲಿರುವ ಈ ನೋಂದಣಿಯೇ ಮೇಲಿನ ಸೌಲಭ್ಯಗಳ ಕೀಲಿಕೈ. 2025ರ ಏಪ್ರಿಲ್ 1ರಿಂದ 100 ಕೋಟಿ ರೂಪಾಯಿವರೆಗಿನ ವಹಿವಾಟು ಮತ್ತು 25 ಕೋಟಿ ರೂಪಾಯಿವರೆಗಿನ ಯಂತ್ರೋಪಕರಣ ಬಂಡವಾಳ ಇರುವ ಘಟಕ ಸಣ್ಣ ಉದ್ದಿಮೆ ಎನಿಸಿಕೊಳ್ಳುತ್ತದೆ.

ಇಲ್ಲಿ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ, ಅದರ ಲಾಭ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಖರೀದಿ ಮೀಸಲು ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ ಅನ್ವಯಿಸುತ್ತದೆ. ಸರಕು ಕೊಂಡು ಮಾರುವ ಅಂಗಡಿಯವರು ಟೆಂಡರಿನಲ್ಲಿ ವಿನಾಯಿತಿ ನಿರೀಕ್ಷಿಸಿ ಠೇವಣಿ ಕಟ್ಟದೆ ಅರ್ಜಿ ಹಾಕಿದರೆ ಅರ್ಜಿಯೇ ತಿರಸ್ಕೃತವಾಗಬಹುದು.

ಮಾತನಾಡಬೇಕಾದ ಸಮಯ, ತಟ್ಟಬೇಕಾದ ಬಾಗಿಲು

ರಕ್ಷಣಾ ಖರೀದಿಯಲ್ಲಿ ಎರಡು ದಾರಿಗಳಿವೆ. ಆಯುಧ, ವಿಮಾನಗಳಂಥ ಬಂಡವಾಳ ಖರೀದಿಗೆ 2020ರ ಅಕ್ಟೋಬರ್‌ನಿಂದ ರಕ್ಷಣಾ ಸ್ವಾಧೀನ ವಿಧಾನ (ಡಿ.ಎ.ಪಿ. 2020) ಎಂಬ ನಿಯಮಾವಳಿ ಬಂದಿತು. ದಿನವಹಿ ಸಾಮಗ್ರಿ, ಬಿಡಿಭಾಗ ಮತ್ತು ದುರಸ್ತಿಯ ಖರೀದಿಗೆ 2009ರ ಕೈಪಿಡಿಯ ಬದಲಾಗಿ 2025ರ ನವೆಂಬರ್ 1ರಿಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಜಾರಿಗೆ ಬಂದಿದೆ. ಸಣ್ಣ ಪಟ್ಟಣದ ಘಟಕಗಳಿಗೆ ಎರಡನೆಯ ದಾರಿಯೇ ಹತ್ತಿರದ್ದು.

ಯಾವ ದಾರಿಯಾದರೂ ಮಾತನಾಡಲು ಮೂರು ಸಂದರ್ಭಗಳಿರುತ್ತವೆ. ನೀತಿಯ ಕರಡು ಪ್ರಕಟವಾದಾಗ ಅಭಿಪ್ರಾಯ ಸಲ್ಲಿಸುವುದು ಮೊದಲನೆಯದು. ಖರೀದಿಯ ಯೋಜನೆ ಸಿದ್ಧವಾಗುವಾಗ ತಮ್ಮ ಸಾಮರ್ಥ್ಯ ತಿಳಿಸುವುದು ಎರಡನೆಯದು. ಟೆಂಡರ್ ಪೂರ್ವ ಸಭೆಯಲ್ಲಿ ಷರತ್ತುಗಳ ಬಗ್ಗೆ ಲಿಖಿತ ಪ್ರಶ್ನೆ ಕೇಳುವುದು ಮೂರನೆಯದು. ದರಪತ್ರಗಳು ತೆರೆದ ಮೇಲೆ ಬರುವ ಮನವಿಯನ್ನು ಅಧಿಕಾರಿ ಪುರಸ್ಕರಿಸಲು ಬಯಸಿದರೂ ಸಾಧ್ಯವಾಗದು.

ತಂತ್ರಜ್ಞಾನದ ಹೊಸ ಕಲ್ಪನೆಯಿರುವವರಿಗೆ ಬೇರೆ ಬಾಗಿಲುಗಳಿವೆ. 2018ರ ಏಪ್ರಿಲ್‌ನಲ್ಲಿ ಆರಂಭವಾದ ಐಡೆಕ್ಸ್ ಯೋಜನೆಯಡಿ ಸೇನೆ ತನ್ನ ಸಮಸ್ಯೆಗಳನ್ನು ಪ್ರಕಟಿಸಿ, ಪರಿಹಾರ ಸೂಚಿಸಿ ಆಯ್ಕೆಯಾದ ನವೋದ್ಯಮ ಅಥವಾ ಸಣ್ಣ ಘಟಕಕ್ಕೆ 1.5 ಕೋಟಿ ರೂಪಾಯಿವರೆಗೆ ಅನುದಾನ ನೀಡುವ ವ್ಯವಸ್ಥೆ ಮಾಡಲಾಯಿತು. 2020ರ ಆಗಸ್ಟ್‌ನಲ್ಲಿ ಆರಂಭವಾದ ಸೃಜನ್ ಜಾಲತಾಣದಲ್ಲಿ, ಅಲ್ಲಿಯವರೆಗೆ ವಿದೇಶದಿಂದ ತರಿಸುತ್ತಿದ್ದ ಬಿಡಿಭಾಗಗಳ ಪಟ್ಟಿಯನ್ನು ದೇಶೀಯ ತಯಾರಕರ ಮುಂದಿಡಲಾಯಿತು. ಲೇತ್ ಯಂತ್ರ, ಎರಕದ ಕೆಲಸ ಅಥವಾ ರಬ್ಬರ್ ಅಚ್ಚಿನ ಕೆಲಸ ಬಲ್ಲ ಘಟಕಗಳು ಇಂಥ ಪಟ್ಟಿಗಳನ್ನು ತಿಂಗಳಿಗೊಮ್ಮೆಯಾದರೂ ನೋಡುವುದು ಒಳ್ಳೆಯದು.

ಮನವಿ ಹೇಗಿರಬೇಕು?

‘ಸ್ಥಳೀಯರಿಗೆ ಆದ್ಯತೆ ನೀಡಬೇಕು’ ಎಂಬ ಒಂದೇ ಸಾಲಿನ ಮನವಿ ಕಡತದಲ್ಲಿ ಉಳಿಯುತ್ತದೆಯೇ ಹೊರತು ಕಾರ್ಯಗತವಾಗುವುದಿಲ್ಲ. ಕೇಂದ್ರದ ಖರೀದಿ ನೀತಿಯಲ್ಲಿ ತಾಲ್ಲೂಕಿನ ಆಧಾರದ ಮೀಸಲಾತಿ ಇಲ್ಲದಿರುವುದರಿಂದ ಅದನ್ನು ಒಪ್ಪುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಆದರೆ ಅದೇ ನೀತಿಯು ಸಣ್ಣ ಘಟಕಗಳಿಂದ ಮಾಡುವ ಖರೀದಿಯ ವಾರ್ಷಿಕ ಯೋಜನೆಯನ್ನು ಪ್ರಕಟಿಸಬೇಕೆಂದೂ ಮಾರಾಟಗಾರರ ಅಭಿವೃದ್ಧಿ ಸಭೆಗಳನ್ನು ನಡೆಸಬೇಕೆಂದೂ ಹೇಳುತ್ತದೆ. ಆದ್ದರಿಂದ ಮನವಿಯನ್ನು ಹೀಗೆ ರೂಪಿಸಬಹುದು: ವರ್ಷಕ್ಕೊಂದು ಮಾರಾಟಗಾರರ ಸಭೆಯನ್ನು ಚಳ್ಳಕೆರೆಯಲ್ಲೇ, ಕನ್ನಡದ ವಿವರಣೆಯೊಂದಿಗೆ ನಡೆಸಬೇಕು, ಬೇಲಿ, ರಸ್ತೆ, ನೀರಿನ ಕೊಳವೆ, ವಿದ್ಯುತ್ ದುರಸ್ತಿ, ಉಪಾಹಾರ ಗೃಹ, ವಾಹನ ಬಾಡಿಗೆ ಮುಂತಾದ ಕೆಲಸಗಳನ್ನು ಸಾಧ್ಯವಿದ್ದೆಡೆ ಸಣ್ಣ ಭಾಗಗಳಾಗಿ ಟೆಂಡರ್ ಕರೆಯಬೇಕು. ಇವೆರಡೂ ನಿಯಮದ ಚೌಕಟ್ಟಿನೊಳಗಿನ ಕೋರಿಕೆಗಳು.

ಮನವಿಯೊಂದಿಗೆ ಪಟ್ಟಿಯೊಂದು ಇರಲೇಬೇಕು. ಎರಡೂ ತಾಲ್ಲೂಕುಗಳ ಘಟಕಗಳ ಹೆಸರು, ಯಂತ್ರಗಳು, ತಿಂಗಳಿಗೆ ತಯಾರಿಸಬಲ್ಲ ಪ್ರಮಾಣ, ಉದ್ಯಮ್ ಸಂಖ್ಯೆ, ಜೆಮ್ ಜಾಲತಾಣದಲ್ಲಿನ ನೋಂದಣಿ, ಗುಣಮಟ್ಟದ ಪ್ರಮಾಣಪತ್ರ ಇವಿಷ್ಟೂ ಅದರಲ್ಲಿರಲಿ. ಕೊರತೆಗಳನ್ನೂ ಪ್ರಾಮಾಣಿಕವಾಗಿ ನಮೂದಿಸಬೇಕು. ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ಬರೆದ ಒಂದು ಘಟಕದಿಂದ ಇಡೀ ಸಂಘದ ಪಟ್ಟಿ ನಂಬಿಕೆ ಕಳೆದುಕೊಳ್ಳುತ್ತದೆ.

ಕೆಲವು ಎಚ್ಚರಿಕೆಗಳು

ರಕ್ಷಣಾ ಕ್ಷೇತ್ರದಲ್ಲಿ ಮಾಹಿತಿ ಕೇಳುವುದಕ್ಕೂ ಮಿತಿಯಿದೆ. ಡಿ.ಆರ್.ಡಿ.ಒ. ಸಂಸ್ಥೆಯು ಮಾಹಿತಿ ಹಕ್ಕು ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ ಆ ಕಾಯ್ದೆ ಅದಕ್ಕೆ ಅನ್ವಯಿಸದು. ಆದ್ದರಿಂದಲೇ ಸಂಘದ ಮೂಲಕ ನಡೆಯುವ ನೇರ, ಅಧಿಕೃತ ಸಂವಾದಕ್ಕೆ ಇಲ್ಲಿ ಹೆಚ್ಚಿನ ಬೆಲೆ. ನಕ್ಷೆ ಅಥವಾ ವಿನ್ಯಾಸ ಕೈಗೆ ಬಂದ ಘಟಕ ಅದನ್ನು ಗೋಪ್ಯವಾಗಿಡುವುದು ಕಾನೂನಿನ ಕರ್ತವ್ಯ.

‘ಒಳಗಿನವರ ಪರಿಚಯವಿದೆ’ ಎನ್ನುವ ಮಧ್ಯವರ್ತಿಗಳನ್ನು ದೂರವಿಡಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಲಂಚ ಕೊಡುವುದೂ ನೇರ ಅಪರಾಧವಾಗಿದ್ದು, ವಾಣಿಜ್ಯ ಸಂಸ್ಥೆಗಳೂ ಹೊಣೆಗಾರರಾಗುತ್ತವೆ. ಸಂಘದ ನಿಯೋಗ ಹೋದಾಗ ಭೇಟಿಯ ಟಿಪ್ಪಣಿ ಬರೆದು ಎಲ್ಲ ಸದಸ್ಯರಿಗೂ ಹಂಚುವ ಪದ್ಧತಿ ಇರಬೇಕು. ಪದಾಧಿಕಾರಿಯೊಬ್ಬರ ಘಟಕವೇ ಅದೇ ಟೆಂಡರಿನಲ್ಲಿ ಸ್ಪರ್ಧಿಸುತ್ತಿದ್ದರೆ ಅವರು ನಿಯೋಗದಿಂದ ಹೊರಗುಳಿಯುವುದು ಯೋಗ್ಯ. ಸಂಘದ ಸಭೆಯಲ್ಲಿ ದರಗಳ ಬಗ್ಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ ಉಲ್ಲಂಘನೆ ಎಂಬುದನ್ನೂ ಮರೆಯಬಾರದು.

ಈ ಸೀಮೆಯ ಮುಂದಿನ ಹೆಜ್ಜೆ

ವಾಣಿಜ್ಯ ಸಂಘ ತನ್ನ ಸದಸ್ಯರ ಪರವಾಗಿ ಮಾತ್ರ ಮಾತನಾಡಿದರೆ ಅದರ ದನಿ ಅರ್ಧವಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗದ ಸಮೀಪ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ಪರೀಕ್ಷಾ ವಿಮಾನಗಳು ಹೊಲಗಳಲ್ಲಿ ಬಿದ್ದವು. ಇಂಥ ಸಂದರ್ಭದಲ್ಲಿ ರೈತನಿಗೆ ಯಾರನ್ನು ಸಂಪರ್ಕಿಸಬೇಕೆಂಬುದು ಮೊದಲೇ ತಿಳಿದಿರಬೇಕು. ಕಾವಲಿನ ಉಳಿದ ಹುಲ್ಲುಗಾವಲು ಮತ್ತು ಕುರಿಗಳ ದಾರಿಯ ಪ್ರಶ್ನೆಯೂ ಹಾಗೆಯೇ. ಜಿಲ್ಲಾಡಳಿತ, ಸಂಸ್ಥೆಗಳು, ಪಂಚಾಯಿತಿಗಳು, ಉಣ್ಣೆ ನೇಕಾರರ ಸಹಕಾರ ಸಂಘಗಳು ಮತ್ತು ವಾಣಿಜ್ಯ ಸಂಘ ಒಂದೆಡೆ ಕುಳಿತು ಮಾತನಾಡುವ ಕಾಯಂ ವೇದಿಕೆಯೊಂದನ್ನು ಕೇಳುವುದು ಈ ಸೀಮೆಯ ಮೊದಲ ಮನವಿಯಾಗಲಿ. ಕುರಿಗಾಹಿಯನ್ನು ಹೊರಗಿಟ್ಟು ಪಡೆದ ಟೆಂಡರು ಕಂಬಳಿ ವ್ಯಾಪಾರಿಯ ಬಂಡವಾಳವನ್ನೇ ತಿಂದುಹಾಕುತ್ತದೆ.

ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರಿಗೆ ವಿಜ್ಞಾನ ತರಬೇತಿ ನೀಡುವ ಪ್ರತಿಭಾ ವಿಕಾಸ ಕೇಂದ್ರವಿದೆ. ಅದೇ ಮಾದರಿಯಲ್ಲಿ ಸಣ್ಣ ಘಟಕಗಳ ಕುಶಲಕರ್ಮಿಗಳಿಗೆ ಅಳತೆ, ಗುಣಮಟ್ಟ ಮತ್ತು ದಾಖಲೆ ನಿರ್ವಹಣೆಯ ಅಲ್ಪಾವಧಿ ತರಬೇತಿ ಕೋರುವುದು ಎರಡನೆಯ ಮನವಿಯಾಗಬಹುದು.

ಇವೆಲ್ಲಕ್ಕೂ ಮೊದಲು ಪ್ರತಿಯೊಬ್ಬ ಸದಸ್ಯನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಘಟಕದ ಉದ್ಯಮ್ ನೋಂದಣಿಯಲ್ಲಿ ನಮೂದಾದ ಚಟುವಟಿಕೆ ತಯಾರಿಕೆಯೋ ವ್ಯಾಪಾರವೋ? ಜೆಮ್ ಜಾಲತಾಣದಲ್ಲಿ ಹೆಸರಿದೆಯೇ? ಕಳೆದ ಮೂರು ವರ್ಷಗಳ ಲೆಕ್ಕಪತ್ರ ಪರಿಶೋಧನೆಯಾಗಿ ಸಿದ್ಧವಿದೆಯೇ? ಯಾವ ವಸ್ತುವನ್ನು, ಎಷ್ಟು ದಿನಗಳಲ್ಲಿ, ಯಾವ ಗುಣಮಟ್ಟದಲ್ಲಿ ಕೊಡಬಲ್ಲೆವೆಂಬುದನ್ನು ಒಂದು ಪುಟದಲ್ಲಿ ಬರೆದಿಡಲಾಗಿದೆಯೇ?

ಈ ನಾಲ್ಕಕ್ಕೂ ಉತ್ತರ ಬರೆದ ಐವತ್ತು ಪುಟಗಳು ಸಂಘದ ಕಚೇರಿಯಲ್ಲಿ ಸೇರಿದರೆ, ನಿಯೋಗ ಮುಂದಿನ ಸಲ ಕಾವಲುಗಾರನ ಚೌಕಿಗೆ ಹೋದಾಗ ಅದರ ಕೈಯಲ್ಲಿ ಅಹವಾಲಿನ ಜೊತೆಗೆ ಆಧಾರವೂ ಇರುತ್ತದೆ.